ಚೀನಾದ ಕಾರ್ಖಾನೆ, ನಮ್ಮೂರ ಖರೀದಿದಾರ: ನಂಬಿಕೆಯ ಬೀಗ ಯಾರ ಕೈಯಲ್ಲಿ?

ಮಡಕಶಿರಾ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. "ಬೆಂಗಳೂರಿನವನಿಗೆ ಲಾಭ ಯಾಕೆ ಕೊಡಬೇಕು? ನೇರವಾಗಿ ಚೀನಾದಿಂದಲೇ ತರಿಸೋಣ" ಎಂಬುದೇ ಆ ಮಾತು. ಆಡುವವರು ಹುಡುಗಾಟದ ಹುಡುಗರಲ್ಲ. ಅಡಿಕೆ, ಹಿಪ್ಪುನೇರಳೆ, ದಾಳಿಂಬೆ ಬೆಳೆದು ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡವರು. ಹಿಂದೂಪುರ, ಶಿರಾ, ಪಾವಗಡಗಳಲ್ಲಿ ಯಂತ್ರದ ಅಂಗಡಿ ಇಟ್ಟವರು. ಫೋನಿನಲ್ಲಿ ಬೆರಳಾಡಿಸಿದರೆ ಸಾಕು, ಕಳೆ ಕೀಳುವ ಯಂತ್ರ, ಬ್ಯಾಟರಿ ಕತ್ತರಿ, ಔಷಧಿ ಹೊಡೆಯುವ ಪಂಪು, ಎಲ್ಲವೂ ಇಲ್ಲಿನ ಅರ್ಧ ಬೆಲೆಗೆ ಕಾಣುತ್ತವೆ.

ಈ ಮಾತಿಗೆ ಬಲ ಬಂದದ್ದಕ್ಕೂ ಕಾರಣವಿದೆ. 2020ರಲ್ಲಿ ಕೊರೋನಾ ಒಂದು ಕಡೆ, ಗಲ್ವಾನ್ ಘರ್ಷಣೆ ಇನ್ನೊಂದು ಕಡೆ ಸೇರಿ ಮುಚ್ಚಿಸಿದ್ದ ಬಾಗಿಲುಗಳು 2025ರಲ್ಲಿ ಒಂದೊಂದಾಗಿ ತೆರೆದವು. ಆ ವರ್ಷದ ಜುಲೈನಲ್ಲಿ ಚೀನೀ ಪ್ರವಾಸಿಗಳಿಗೆ ಭಾರತ ಮತ್ತೆ ವೀಸಾ ಕೊಡತೊಡಗಿತು. ಅಕ್ಟೋಬರ್ 26ರಂದು ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ ನೇರ ವಿಮಾನ ಹೊರಟಿತು. ಆ ಗ್ವಾಂಗ್‌ಝೌ ಊರಿನಲ್ಲೇ 1957ರಿಂದ ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಕ್ಯಾಂಟನ್ ಮೇಳ ನಡೆಯುವುದು. ನಮ್ಮ ಕಡೆಯ ವ್ಯಾಪಾರಿಗಳೂ ಈಗ ಆ ಮೇಳದ ಹೆಸರು ಹೇಳುತ್ತಾರೆ.

ತರಿಸಬೇಡಿ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಒಮ್ಮೆ ತರಿಸಿ ಕೆಟ್ಟವನು, ಇನ್ನೊಮ್ಮೆ ತರಿಸಿ ಬದುಕಿದವನು ಎಂಬ ಅಧಿಕಾರದಿಂದ ಬರೆಯುತ್ತಿದ್ದೇನೆ. ಈ ಎರಡು ಸಲದ ನಡುವೆ ನಾನು ಕಲಿತದ್ದು ಒಂದೇ ಪಾಠ. ನಂಬಿಕಸ್ಥ ತಯಾರಕ ಅನ್ನುವವನು ಎಲ್ಲೋ ಕೂತಿರುತ್ತಾನೆ, ಹುಡುಕಿದರೆ ಸಿಗುತ್ತಾನೆ ಅಂತ ನಾವು ತಿಳಿದಿದ್ದೇವೆ. ಹಾಗೆ ಸಿಗುವುದಿಲ್ಲ. ಕೊನೆಯ ಹಣ ಕೈಬಿಡುವ ಮುಂಚೆ ಕೊಳ್ಳುವವನು ಏನು ಬರೆಸಿಕೊಂಡ, ಏನು ನೋಡಿದ ಎಂಬುದರ ಮೇಲೆ ಮಾರುವವನ ನಿಯತ್ತು ನಿಲ್ಲುತ್ತದೆ.

ಅರವತ್ತು ಯಂತ್ರ, ಒಂದು ಪದ

ಸಂಗತಿ 2018ರದು. ನಮ್ಮದು ಅಗಳಿ ಮಂಡಲದ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ತೆಲುಗು. ನನ್ನ ಹೆಂಡತಿಯ ತಮ್ಮ ಪೇಟೆಯಲ್ಲಿ ಬೇಸಾಯದ ಸಾಮಾನಿನ ಅಂಗಡಿ ಇಟ್ಟಿದ್ದ. ಕಳೆ ಕೀಳುವ ಕೂಲಿಗೆ ಜನ ಸಿಗದ ಕಾಲ. ಪೆಟ್ರೋಲ್ ವೀಡರ್‌ಗಳನ್ನು ಚೀನಾದಿಂದ ನೇರ ತರಿಸುವ ಆಲೋಚನೆ ಅವನಿಗೆ ಬಂತು. ನಾವು ಹನ್ನೆರಡು ಜನ ರೈತರು ದುಡ್ಡು ಹಾಕಿದೆವು. ಅವನ ಹೆಸರಲ್ಲಿ ಆಮದು ಪರವಾನಗಿ ಸಂಖ್ಯೆ ತೆಗೆಸಿದ್ದಾಯಿತು.

ಮಾರ್ಚಿನಲ್ಲಿ ಒಂದು ಸ್ಯಾಂಪಲ್ ಯಂತ್ರ ವಿಮಾನದಲ್ಲಿ ಬಂತು. ಮೂರು ತಿಂಗಳು ನಮ್ಮ ಹಿಪ್ಪುನೇರಳೆ ತೋಟದಲ್ಲಿ, ಗರಸು ನೆಲದಲ್ಲಿ, ಓಡಿಸಿದೆವು. ಒಂದು ನಟ್ಟೂ ಸಡಿಲವಾಗಲಿಲ್ಲ. ಜೂನ್‌ನಲ್ಲಿ ಅರವತ್ತು ಯಂತ್ರಕ್ಕೆ ಆರ್ಡರ್ ಕೊಟ್ಟೆವು. ಒಂದಕ್ಕೆ 180 ಡಾಲರಿನಂತೆ ಒಟ್ಟು 10,800 ಡಾಲರ್. ಶೇ. 30 ಮುಂಗಡ, ಉಳಿದ ಶೇ. 70 ಹಡಗಿನ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ಅದರ ನಕಲು ಬಂದ ಮೇಲೆ. ಅವರು ಮೊದಲು 205 ಡಾಲರ್ ಹೇಳಿದ್ದರು. ಒಂದು ವಾರ ಹಿಡಿದು ಜಗ್ಗಿ 180ಕ್ಕೆ ತಂದೆವು. ಆ ರಾತ್ರಿ ನಮಗೆಲ್ಲ ಗೆದ್ದಂಥ ಸಂತೋಷ.

ಆ ಇಂಗ್ಲಿಷ್ ಪತ್ರ ಓದಿ ಅರ್ಥ ಹೇಳಿದವನು ನಾನೇ. ಎಸ್ಸೆಸ್ಸೆಲ್ಸಿ ಓದಿದವನು, ಎರಡು ಭಾಷೆಯಲ್ಲಿ ಪದ್ಯ ಬರೆಯುವವನು ಎಂದು ಎಲ್ಲರಿಗೂ ನನ್ನ ಮೇಲೆ ಭರವಸೆ. ಗೇರಿನ ಎದುರು "ಅಲಾಯ್ ಸ್ಟೀಲ್ ಆರ್ ಈಕ್ವಲೆಂಟ್" ಎಂದು ಬರೆದಿತ್ತು. "ಗಟ್ಟಿ ಉಕ್ಕು, ಇಲ್ಲಾ ಅದಕ್ಕೆ ಸಮನಾದದ್ದು" ಅಂತ ಅರ್ಥ ಹೇಳಿ ಮುಂದಿನ ಸಾಲಿಗೆ ಹೋದೆ. ಸಮ ಎಂದು ತೂಗುವವನು ಯಾರು ಅನ್ನುವ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ.

ನವೆಂಬರಿನಲ್ಲಿ ಸರಕು ಚೆನ್ನೈ ಬಂದರಿಗೆ ಬಂತು. ಬಣ್ಣ ಅದೇ, ಸ್ಟಿಕ್ಕರ್ ಅದೇ, ಆಕಾರ ಅದೇ. ಸಂಕ್ರಾಂತಿ ಹೊತ್ತಿಗೆ 22 ಯಂತ್ರಗಳ ಗೇರಿನ ಹಲ್ಲು ಮುರಿದವು. ಯುಗಾದಿಗೆ ಆ ಲೆಕ್ಕ 41 ಆಯಿತು. ಒಂದನ್ನು ಬಿಚ್ಚಿ ಸ್ಯಾಂಪಲ್ಲಿನ ಗೇರಿನ ಪಕ್ಕ ಇಟ್ಟು ತೂಗಿದಾಗ ಗೊತ್ತಾಯಿತು, ಹೊಸದು ಹಗುರ. ನಾವು ಬೆಲೆ ಇಳಿಸಿದ್ದೆವು. ಅವರು ತೂಕ ಇಳಿಸಿದ್ದರು. ಕೇಳಿದರೆ ಬಹಳ ವಿನಯದಿಂದ ಉತ್ತರ ಬಂತು: ಕಾಗದದಲ್ಲಿ ಏನಿದೆಯೋ ಅದನ್ನೇ ಕಳಿಸಿದ್ದೇವೆ, ಮುಂದಿನ ಆರ್ಡರಿಗೆ ಶೇ. 5 ಬಿಟ್ಟುಕೊಡುತ್ತೇವೆ.

ಭಾವಮೈದ ಹೆಂಡತಿಯ ಬಳೆ ಮಾರಿ ರೈತರಿಗೆ ಅರ್ಧ ದುಡ್ಡು ವಾಪಸ್ಸು ಕೊಟ್ಟ. "ಬಾವಾ, ಆ ಒಂದು ಪದ ನೀವೇ ಓದಿದ್ರಲ್ಲ, ನನಗೆ ಏನಂತ ಹೇಳಿದ್ರಿ?" ಅಂತ ಒಂದೇ ಒಂದು ಸಲ ಕೇಳಿದ. ಆಮೇಲೆ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಪದ ತೂಗಿ ಬರೆಯುವುದೇ ಕವಿಯ ಕಸುಬು ಅಂತ ವೇದಿಕೆ ಮೇಲೆ ಹೇಳಿಕೊಂಡು ತಿರುಗುವ ನಾನು, ತೂಗಲೇಬೇಕಾಗಿದ್ದ ಕಡೆ ಪದವನ್ನು ತೂಗಲಿಲ್ಲ.

ಎರಡು ಹೆಸರಿನ ಕಂಪನಿ

ಇನ್ನು ವಿಚಾರಕ್ಕೆ ಬರೋಣ. ಮೊದಲ ಪ್ರಶ್ನೆ, ಎದುರಿಗಿರುವವನು ಯಾರು?

ಗಡಿಯಲ್ಲಿ ಬದುಕುವ ನಮಗೆ ಎರಡು ಭಾಷೆಯ ಗೋಜಲು ಹೊಸದಲ್ಲ. "ಪಾಲು" ಅಂದರೆ ಕನ್ನಡದಲ್ಲಿ ಹಂಚಿಕೆಯ ಭಾಗ; ತೆಲುಗಿನಲ್ಲಿ ಅದು ಭಾಗವೂ ಹೌದು, ಹಾಲೂ ಹೌದು. ಹಾಗೆಯೇ ಚೀನಾದ ಕಂಪನಿಗೆ ಎರಡು ಹೆಸರು. ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಹಾಕಿಕೊಂಡ ಹೆಸರು ಅವರೇ ಇಟ್ಟುಕೊಂಡದ್ದು. ಅಲ್ಲಿನ ನೋಂದಣಿ ದಾಖಲೆಯಲ್ಲಿ ನಿಲ್ಲುವುದು ಚೀನೀ ಲಿಪಿಯ ಹೆಸರು ಮಾತ್ರ. ಬರಿ ಇಂಗ್ಲಿಷ್ ಹೆಸರಿಗೆ ಕರಾರು ಬರೆದುಕೊಂಡರೆ, ಅಡಂಗಲಿನಲ್ಲಿ ಇಲ್ಲದ ಅಡ್ಡಹೆಸರಿನವನಿಂದ ಜಮೀನು ಬರೆಸಿಕೊಂಡ ಹಾಗಾಯಿತು.

2015ರ ಅಕ್ಟೋಬರಿನಿಂದ ಚೀನಾದ ಪ್ರತಿ ಕಂಪನಿಗೂ 18 ಅಂಕಿ ಅಕ್ಷರಗಳ ಒಂದೇ ನೋಂದಣಿ ಸಂಖ್ಯೆ ಬಂದಿದೆ. ವ್ಯವಹಾರದ ಲೈಸೆನ್ಸಿನ ಪ್ರತಿ ಕಳಿಸಿ ಎಂದು ಮೊದಲ ದಿನವೇ ಕೇಳಬೇಕು. ಅದರಲ್ಲಿ ಈ ಸಂಖ್ಯೆ, ಚೀನೀ ಹೆಸರು, ವಿಳಾಸ, ಯಾವಾಗ ಶುರುವಾಯಿತು, ಏನೇನು ಮಾಡಲು ಅನುಮತಿ ಇದೆ, ಎಲ್ಲ ಇರುತ್ತದೆ. ಚೀನಾ ಸರ್ಕಾರದ ಉದ್ಯಮ ಮಾಹಿತಿ ತಾಣದಲ್ಲಿ ಆ ಸಂಖ್ಯೆ ಹಾಕಿ ತಾಳೆ ನೋಡಬಹುದು. ಅದು ಚೀನೀ ಭಾಷೆಯಲ್ಲಿದೆ ನಿಜ, ಆದರೆ ಈಗ ಫೋನೇ ಅನುವಾದ ಮಾಡಿಕೊಡುತ್ತದೆ. ಅನುಮತಿಯ ಸಾಲಿನಲ್ಲಿ "ತಯಾರಿಕೆ" ಎಂಬ ಮಾತೇ ಇಲ್ಲದೆ ಬರೀ "ಮಾರಾಟ" ಎಂದಿದ್ದರೆ ಅವನು ಕಾರ್ಖಾನೆಯವನಲ್ಲ, ದಲ್ಲಾಳಿ.

ದಲ್ಲಾಳಿ ಎಂದಾಕ್ಷಣ ಓಡಿಹೋಗಬೇಕಿಲ್ಲ. ಅರವತ್ತು ಯಂತ್ರದ ಆರ್ಡರಿಗೆ ದೊಡ್ಡ ಕಾರ್ಖಾನೆಯವನು ತಿರುಗಿಯೂ ನೋಡುವುದಿಲ್ಲ. ಹತ್ತು ಸಣ್ಣ ಆರ್ಡರ್ ಕೂಡಿಸಿ ಕೊಡುವ ಒಳ್ಳೆಯ ದಲ್ಲಾಳಿಯಿಂದ ನಮ್ಮಂಥವರಿಗೆ ಉಪಕಾರವೂ ಉಂಟು. ತಪ್ಪು ಇರುವುದು ದಲ್ಲಾಳಿಯಾಗಿದ್ದು ಕಾರ್ಖಾನೆ ನಮ್ಮದೇ ಎಂದು ಸುಳ್ಳು ಹೇಳುವುದರಲ್ಲಿ. ಅದನ್ನು ಹಿಡಿಯಲು ಸುಲಭದ ಉಪಾಯವಿದೆ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ನಮ್ಮಲ್ಲಿ ಬೆಳಗ್ಗೆ 8 ಅಂದರೆ ಅಲ್ಲಿ ಹತ್ತೂವರೆ, ಕೆಲಸದ ಹೊತ್ತು. ಮುಂಚಿತವಾಗಿ ಹೇಳದೆ ವಿಡಿಯೋ ಕರೆ ಮಾಡಿ, "ಗೇರು ಕತ್ತರಿಸುವ ಮೆಷಿನ್ ಹತ್ತಿರ ಹೋಗಿ ತೋರಿಸಿ" ಅನ್ನಿ. ಕಾರ್ಖಾನೆಯವನು ಎದ್ದು ನಡೆಯುತ್ತಾನೆ. ಇಲ್ಲದವನು "ನಾಳೆ" ಅನ್ನುತ್ತಾನೆ. ಎರಡು ಮೂರು ನಾಳೆಗಳಾದ ಮೇಲೆ ಬೇರೆಯವರನ್ನು ನೋಡುವುದು ಲೇಸು.

ಅನುಮಾನ ನಮ್ಮ ಕಡೆಯಿಂದ ಮಾತ್ರ ಇರುತ್ತದೆ ಎಂದೂ ತಿಳಿಯಬಾರದು. ಜೆಜಿಯಾಂಗ್ ಪ್ರಾಂತ್ಯದ ಯಿವು ಊರು ಸಣ್ಣ ಸಾಮಾನಿನ ಸಗಟು ಪೇಟೆಗೆ ಹೆಸರಾದದ್ದು. ಅಲ್ಲಿ ಬಾಕಿ ಕೊಡದೆ ಮಾಲೀಕ ತಲೆಮರೆಸಿಕೊಂಡನೆಂದು ಸ್ಥಳೀಯ ಮಾರಾಟಗಾರರು ಇಬ್ಬರು ಭಾರತೀಯರನ್ನು ಹಿಡಿದಿಟ್ಟುಕೊಂಡ ಪ್ರಕರಣ 2012ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಆ ಊರಿನಲ್ಲಿ ವ್ಯಾಪಾರ ಮಾಡಬೇಡಿ ಎಂದು ನಮ್ಮ ರಾಯಭಾರ ಕಛೇರಿಯೇ ಎಚ್ಚರಿಕೆ ಕೊಟ್ಟಿತ್ತು. ಕೊಳ್ಳುವವನು ಕೈ ಎತ್ತುವುದನ್ನು ಅವರೂ ಕಂಡಿದ್ದಾರೆ. ಮುಂಗಡ ಕೇಳುವುದು ಅದಕ್ಕೇ.

ಬ್ಯಾಂಕು ನೋಡುವುದು ಕಾಗದ, ಕಬ್ಬಿಣವಲ್ಲ

ಎರಡನೆಯದು ಹಣದ ದಾರಿ. ನಾವು ಕೆಟ್ಟ ಮೇಲೆ ಹಿಂದೂಪುರದ ಒಬ್ಬ ತಿಳಿದವರು, "ಎಲ್.ಸಿ. ತೆಗೆದಿದ್ದರೆ ಉಳೀತಿದ್ರಿ" ಅಂದರು. ಬಹಳ ದಿನ ನಾನೂ ಹಾಗೇ ನಂಬಿದ್ದೆ. ನಿಯಮ ಓದಿಸಿಕೊಂಡ ಮೇಲೆ ತಿಳಿಯಿತು, ಉಳಿಯುತ್ತಿರಲಿಲ್ಲ.

ಎಲ್.ಸಿ. ಎಂದರೆ ಲೆಟರ್ ಆಫ್ ಕ್ರೆಡಿಟ್. ಕೊಳ್ಳುವವನ ಬ್ಯಾಂಕು, ಇಂತಿಂಥ ಕಾಗದ ತಂದು ಕೊಟ್ಟರೆ ಹಣ ಕೊಡುತ್ತೇನೆ ಎಂದು ಮಾರುವವನಿಗೆ ಕೊಡುವ ಮಾತು. ಇದಕ್ಕೆ ಜಗತ್ತಿನಾದ್ಯಂತ ಬ್ಯಾಂಕುಗಳು ಒಪ್ಪಿಕೊಂಡ ನಿಯಮಾವಳಿ ಇದೆ, ಯು.ಸಿ.ಪಿ. 600 ಎಂದು ಹೆಸರು, 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 5ನೇ ಕಲಮಿನ ಸಾರ ಇಷ್ಟು: ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ, ಸರಕಿನೊಂದಿಗೆ ಅಲ್ಲ. ಪೆಟ್ಟಿಗೆಯೊಳಗೆ ಇಟ್ಟಿಗೆ ಇದ್ದರೂ ಕಾಗದ ಸರಿ ಇದ್ದರೆ ಬ್ಯಾಂಕು ಹಣ ಕೊಡಬೇಕು. ಹಾಗಾದರೆ ಎಲ್.ಸಿ.ಯಿಂದ ಪ್ರಯೋಜನವಿಲ್ಲವೇ? ಇದೆ. ಬೇಕಾದ ಕಾಗದಗಳ ಪಟ್ಟಿಯಲ್ಲಿ, ನಾವು ಒಪ್ಪಿದ ತಪಾಸಣೆ ಸಂಸ್ಥೆಯ ಪ್ರಮಾಣಪತ್ರವನ್ನೂ ಸೇರಿಸಬೇಕು. ಆಗ ತಪಾಸಣೆ ಪಾಸಾಗದೆ ಹಣ ಇಲ್ಲ. ಆ ಒಂದು ಸಾಲು ಇಲ್ಲದ ಎಲ್.ಸಿ. ಬಾಗಿಲಿಲ್ಲದ ಕಣಜ.

ಸಣ್ಣ ಆರ್ಡರಿಗೆ ಎಲ್.ಸಿ. ಖರ್ಚು ಹೊರೆ ಅನ್ನಿಸಿದರೆ ಮುಂಗಡ-ಬಾಕಿ ಪದ್ಧತಿಯೇ ಇರಲಿ. ಆದರೆ ಬಾಕಿ ಕೊಡುವ ಗಳಿಗೆ ಬದಲಾಗಬೇಕು. ನಾವು ಹಡಗು ಹೊರಟ ಮೇಲೆ ಕೊಟ್ಟೆವು. ಕೊಡಬೇಕಾದದ್ದು ತಪಾಸಣೆ ವರದಿ ಓದಿದ ಮೇಲೆ. ಸರಕು ಇನ್ನೂ ಅವನ ಅಂಗಳದಲ್ಲಿ, ಶೇ. 70 ಹಣ ಇನ್ನೂ ನಮ್ಮ ಕೈಯಲ್ಲಿ ಇರುವಾಗ ಮಾತ್ರ ನಮ್ಮ ಮಾತಿಗೆ ಬೆಲೆ.

ಇನ್ನೊಂದು ಮಾತು. ಹಣ ಹೋಗುವ ಖಾತೆಯ ಹೆಸರು ಮತ್ತು ಕರಾರಿನ ಕಂಪನಿ ಹೆಸರು ಒಂದೇ ಇರಬೇಕು. "ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ" ಎಂಬ ಇ-ಮೇಲ್ ನಡುವೆ ಬಂದರೆ ನೂರಕ್ಕೆ ನೂರು ನಿಲ್ಲಿಸಿ, ಮೊದಲಿಂದ ಮಾತಾಡುತ್ತಿದ್ದ ನಂಬರಿಗೇ ಫೋನ್ ಮಾಡಿ ಕೇಳಿ. ಬೇರೆ ಕಳ್ಳರು ಅಂಚೆಯ ನಡುವೆ ನುಸುಳಿ ಹೀಗೆ ಬರೆಯುವುದುಂಟು. ಆಗ ಮಾರುವವನೂ ಕೊಳ್ಳುವವನೂ ಇಬ್ಬರೂ ನಷ್ಟಕ್ಕೆ ಬೀಳುತ್ತಾರೆ.

ಕೋರ್ಟಿಗೆ ಹೋಗೋಣ ಅಂದರೆ, ಮಡಕಶಿರಾ ಕೋರ್ಟಿನ ಡಿಕ್ರಿಯನ್ನು ಚೀನಾದಲ್ಲಿ ಜಾರಿ ಮಾಡಿಸಲು ಸುಲಭದ ದಾರಿಯಿಲ್ಲ. ಪಂಚಾಯ್ತಿ ತೀರ್ಪಿಗೆ, ಅಂದರೆ ಆರ್ಬಿಟ್ರೇಶನ್‌ಗೆ, ದಾರಿಯಿದೆ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಎರಡೂ ದೇಶ ಸೇರಿವೆ; ಚೀನಾದ ತೀರ್ಪುಗಳಿಗೂ ಇಲ್ಲಿ ಮಾನ್ಯತೆ ಎಂದು ಭಾರತ 2012ರಲ್ಲಿ ಅಧಿಸೂಚನೆ ಹೊರಡಿಸಿತು. ಆದ್ದರಿಂದ ಕರಾರಿನಲ್ಲಿ ಆ ಕಲಮು ಇರಲಿ. ಆದರೆ ಏಳೆಂಟು ಲಕ್ಷದ ವ್ಯಾಜ್ಯಕ್ಕೆ ಆ ಖರ್ಚು ಏಳುವುದಿಲ್ಲ ಎಂಬುದೂ ಸತ್ಯ. ನಮ್ಮಂಥವರ ಕೋರ್ಟು ಎಂದರೆ ಕೊಡದೆ ಉಳಿಸಿಕೊಂಡ ಆ ಬಾಕಿ ಹಣವೇ.

ಗೂಡಿನ ಮಾರುಕಟ್ಟೆ ಕಲಿಸಿದ್ದು

ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋದವರು ನೋಡಿರುತ್ತೀರಿ. ರೀಲರ್ ಬಂದವನು ಮೇಲಿನ ಗೂಡು ಮುಟ್ಟುವುದಿಲ್ಲ. ಲಾಟಿನ ತಳಕ್ಕೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಒಂದೆರಡು ಕತ್ತರಿಸಿ ಒಳಗೆ ನೋಡುತ್ತಾನೆ, ಆಮೇಲೆ ಬೆಲೆ ಕೂಗುತ್ತಾನೆ. ಆಗ ನಮಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಗೂಡು ಮಾರಿದ ನಾನು, ಕೊಳ್ಳುವ ಸರದಿ ಬಂದಾಗ ಮೇಲಿನ ಒಂದು ಗೂಡು ನೋಡಿ ಲಾಟು ಕೊಂಡೆ. ಸ್ಯಾಂಪಲ್ ಎಂದರೆ ಮೇಲಿನ ಗೂಡೇ.

ತಪಾಸಣೆ ಮಾಡಿಕೊಡುವ ಸಂಸ್ಥೆಗಳು ಚೀನಾದ ಕೈಗಾರಿಕಾ ಊರುಗಳಲ್ಲೆಲ್ಲ ಇವೆ. ಮಾರುವವನು ಸೂಚಿಸಿದವರನ್ನು ಬಿಟ್ಟು ನಾವೇ ಆರಿಸಿ, ನಾವೇ ಹಣ ಕೊಡಬೇಕು. ಎಷ್ಟು ತೆಗೆದು ನೋಡಬೇಕು ಎಂಬುದಕ್ಕೂ ಅಂತರರಾಷ್ಟ್ರೀಯ ಪದ್ಧತಿ ಇದೆ, ಐ.ಎಸ್.ಒ. 2859 ಎನ್ನುತ್ತಾರೆ. ಅದರ ಸಾಮಾನ್ಯ ಮಟ್ಟದ ಪ್ರಕಾರ 51ರಿಂದ 90ರವರೆಗಿನ ಲಾಟಿಗೆ 13 ತೆಗೆದು ನೋಡಬೇಕು. ನಮ್ಮ ಅರವತ್ತರಲ್ಲಿ 13 ಬಿಚ್ಚಿ ಗೇರು ತೂಗಿದ್ದರೆ ಆ ದಿನವೇ ಗುಟ್ಟು ರಟ್ಟಾಗುತ್ತಿತ್ತು.

ಆದರೆ ತಪಾಸಣೆಗೆ ಹೋದವನು ಯಾವುದಕ್ಕೆ ಹೋಲಿಸಿ ನೋಡಬೇಕು? ಅದನ್ನು ನಾವು ಬರೆದುಕೊಟ್ಟಿರಬೇಕು. ಗೇರಿನ ಲೋಹ ಯಾವುದು, ತೂಕ ಎಷ್ಟು ಗ್ರಾಂ, ಗಡಸುತನ ಎಷ್ಟು, ಮೋಟರಿನ ಸುರುಳಿ ತಾಮ್ರವೋ ಅಲ್ಯೂಮಿನಿಯಮ್ಮೋ, ಬೇರಿಂಗಿನ ಗುರುತೇನು. ಒಪ್ಪಿದ ಸ್ಯಾಂಪಲ್ ಎರಡು ಮಾಡಿಸಿ, ಇಬ್ಬರೂ ಸಹಿ ಹಾಕಿ, ಒಂದು ಅವರಲ್ಲಿ ಒಂದು ನಮ್ಮಲ್ಲಿ ಇರಬೇಕು. "ಆರ್ ಈಕ್ವಲೆಂಟ್" ಎಂಬ ಪದ ಕಂಡಲ್ಲಿ ಗೀಟು ಹಾಕಬೇಕು. ಕರಾರು ಇಂಗ್ಲಿಷ್ ಮತ್ತು ಚೀನೀ ಎರಡರಲ್ಲೂ ಇದ್ದರೆ, ಭೇದ ಬಂದಾಗ ಯಾವುದು ನಿಲ್ಲುತ್ತದೆ ಎಂದು ಅದರಲ್ಲೇ ಬರೆದಿರಬೇಕು. ಇಂಗ್ಲಿಷ್ ಅವರಿಗೂ ಪರಭಾಷೆ, ನಮಗೂ ಪರಭಾಷೆ. ಇಬ್ಬರಿಗೂ ಪರವಾದ ಭಾಷೆಯಲ್ಲಿ ಅಂಕಿಯೇ ನಂಬಿಕಸ್ಥ ಪದ.

ಕಾಲವನ್ನೂ ನೋಡಬೇಕು. ಜನವರಿ ಕೊನೆ, ಫೆಬ್ರವರಿಯಲ್ಲಿ ಚೀನೀಯರ ಹೊಸ ವರ್ಷ. ಕೆಲಸಗಾರರು ಊರಿಗೆ ಹೋಗಿ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಎಲ್ಲವೂ ಅವಸರ. ಯುಗಾದಿ ಹಿಂದಿನ ದಿನ ದರ್ಜಿಗೆ ಬಟ್ಟೆ ಕೊಟ್ಟರೆ ಹೇಗೋ ಹಾಗೆ.

ಅರ್ಧ ಬೆಲೆ ಎಂಬ ಮರೀಚಿಕೆ

"ಕೊನಬೋತೇ ಕೊರಿವಿ, ಅಮ್ಮಬೋತೇ ಅಡವಿ" ಎಂದು ತೆಲುಗಿನವರ ಗಾದೆ. ಕೊಳ್ಳಲು ಹೋದರೆ ಕೊಳ್ಳಿ, ಮಾರಲು ಹೋದರೆ ಕಾಡು. ಫೋನಿನಲ್ಲಿ ಕಾಣುವ ಬೆಲೆ ಬಹುಪಾಲು ಎಫ್.ಒ.ಬಿ., ಅಂದರೆ ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ. ಸಿ.ಐ.ಎಫ್. ಎಂದರೆ ಹಡಗಿನ ಬಾಡಿಗೆ, ವಿಮೆ ಸೇರಿದ್ದು. ಸಿ.ಐ.ಎಫ್. ಕೊಟ್ಟೆವು, ಇನ್ನು ಚೆನ್ನೈವರೆಗೆ ಜವಾಬ್ದಾರಿ ಅವನದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ಹಡಗು ಏರಿದ ಗಳಿಗೆಯಿಂದಲೇ ನಷ್ಟದ ಹೊಣೆ ಕೊಳ್ಳುವವನದು.

ಲೆಕ್ಕ ಹೀಗೆ. ಸಿ.ಐ.ಎಫ್. ಮೌಲ್ಯ 100 ರೂಪಾಯಿ ಅನ್ನಿ. ಮೂಲ ಸುಂಕ ಶೇ. 7.5 ಎಂದು ಇಟ್ಟುಕೊಂಡರೆ 7.50. ಆ ಸುಂಕದ ಮೇಲೆ ಶೇ. 10ರ ಸರ್ಚಾರ್ಜು 75 ಪೈಸೆ. ಆಯಿತು 108.25. ಇದರ ಮೇಲೆ ಜಿಎಸ್‌ಟಿ; ಶೇ. 18ರ ಸಾಮಾನಾದರೆ 127 ರೂಪಾಯಿ 74 ಪೈಸೆಗೆ ಬಂದು ನಿಲ್ಲುತ್ತದೆ. ನೋಂದಣಿ ಇರುವ ವ್ಯಾಪಾರಿಗೆ ಆ ಜಿಎಸ್‌ಟಿ ಮುಂದೆ ಹೊಂದಾಣಿಕೆಯಾಗುತ್ತದೆ, ರೈತನಿಗೆ ಆಗುವುದಿಲ್ಲ. ಬಂದರಿನ ಖರ್ಚು, ಕ್ಲಿಯರಿಂಗ್ ಏಜೆಂಟಿನ ಫೀಜು, ಲಾರಿ ಬಾಡಿಗೆ ಬೇರೆ. ಕಾಗದ ಸರಿಯಿಲ್ಲದೆ ಕಂಟೇನರ್ ನಿಂತರೆ ದಿನದಿನಕ್ಕೂ ದಂಡ.

ಡಾಲರಿನ ಏರಿಳಿತವೂ ಇದೆ. ನಾವು 2018ರ ಜೂನ್‌ನಲ್ಲಿ ಮುಂಗಡ ಕೊಟ್ಟಾಗ ಡಾಲರಿಗೆ 68ರ ಆಸುಪಾಸು. ಅಕ್ಟೋಬರಿನಲ್ಲಿ ಬಾಕಿ 7,560 ಡಾಲರ್ ಕಟ್ಟುವಾಗ 74. ಅಷ್ಟಕ್ಕೇ 45 ಸಾವಿರ ಹೆಚ್ಚು ಹೋಯಿತು. 2025ರ ಡಿಸೆಂಬರಿನಲ್ಲಿ ರೂಪಾಯಿ 90ನ್ನೂ ದಾಟಿತು. ಬ್ಯಾಂಕಿನಲ್ಲಿ ಮುಂದಿನ ದಿನಾಂಕಕ್ಕೆ ದರ ಕಟ್ಟಿಕೊಳ್ಳುವ ಫಾರ್ವರ್ಡ್ ಕರಾರಿದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಸರ್ಕಾರಗಳ ಕೈ

ತಯಾರಕ ಒಳ್ಳೆಯವನೇ ಆದರೂ ಸಾಲದು. ಎರಡು ಸರ್ಕಾರಗಳ ಕೈ ನಡುವೆ ಇರುತ್ತದೆ. 2020ರ ಜುಲೈ 15ರಂದು ಭಾರತ ಸರ್ಕಾರ ಪವರ್ ಟಿಲ್ಲರ್ ಮತ್ತು ಅದರ ಭಾಗಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಹಾಕಿತು. ನಿರ್ಬಂಧಿತ ಎಂದರೆ ಲೈಸೆನ್ಸಿಲ್ಲದೆ ತರುವಂತಿಲ್ಲ. ಆ ಕಡೆಯಿಂದಲೂ ಹೀಗೇ. 2025ರಲ್ಲಿ ಡ್ರಿಪ್ಪಿನಲ್ಲಿ ಬಿಡುವ ನೀರಿನಲ್ಲಿ ಕರಗುವ ಗೊಬ್ಬರಗಳು ಚೀನಾದಿಂದ ಬರುವುದು ತಡೆದಾಗ ನಮ್ಮ ದಾಳಿಂಬೆ ರೈತರಿಗೆ ಬಿಸಿ ತಟ್ಟಿತು. ಆ ವರ್ಷ ಆಗಸ್ಟಿನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ ಈ ವಿಷಯ ಮಾತಿಗೆ ಬಂತು. ಅಂಥ ತಡೆಯಲ್ಲಿ ಮಾರುವವನ ತಪ್ಪೇನೂ ಇಲ್ಲ, ಆದರೂ ಸರಕು ಬರುವುದಿಲ್ಲ. ಆದ್ದರಿಂದ ಒಬ್ಬನನ್ನೇ ನಂಬಿ ಕೂರದೆ, ತುಸು ದುಬಾರಿಯಾದರೂ ಊರ ಕಡೆಯ ಇನ್ನೊಬ್ಬ ತಯಾರಕನ ಗುರುತು ಇಟ್ಟುಕೊಳ್ಳುವುದು ಜಾಣತನ.

ಆಮದು ಸಂಖ್ಯೆ ತೆಗೆಯುವುದು ಈಗ ಕಷ್ಟವಲ್ಲ. ಪ್ಯಾನ್ ನಂಬರೇ ಅದಕ್ಕೂ ನಂಬರ್. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಆದರೆ ಈ ನಿಯಮಗಳೆಲ್ಲ ಇಂಗ್ಲಿಷ್, ಹಿಂದಿಯಲ್ಲಿ ಇವೆ. ತೆಲುಗು ಬಲ್ಲ ರೈತನಿಗೂ ಇಲ್ಲ, ಕನ್ನಡ ಬಲ್ಲ ರೈತನಿಗೂ ಇಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಗಳು ವಾರಕ್ಕೊಂದು ದಿನ ಹಿಂದೂಪುರದಲ್ಲೋ ಮಡಕಶಿರಾದಲ್ಲೋ ಕೂತು, ನಮ್ಮ ಭಾಷೆಯಲ್ಲಿ ಒಂದು ಕರಾರು ಓದಿ ಹೇಳುವವರನ್ನು ಕೊಟ್ಟರೆ, ಸಬ್ಸಿಡಿಗಿಂತ ದೊಡ್ಡ ಉಪಕಾರವಾದೀತು. ಶ್ರೀ ಸತ್ಯಸಾಯಿ ಜಿಲ್ಲೆ 2022ರಲ್ಲಿ ಹೊಸದಾಗಿ ಆದಾಗಿನಿಂದ ಕಛೇರಿ ಹತ್ತಿರ ಬಂತು ಎನ್ನುತ್ತಾರೆ. ಭಾಷೆಯೂ ಹತ್ತಿರ ಬರಲಿ.

ಎರಡನೇ ಸಲ

2023ರಲ್ಲಿ ಭಾವಮೈದ ಮತ್ತೆ ಬಂದ. ಹಿಪ್ಪುನೇರಳೆ ಕಡ್ಡಿ, ದಾಳಿಂಬೆ ಕೊಂಬೆ ಕತ್ತರಿಸುವ ಬ್ಯಾಟರಿ ಕತ್ತರಿ 80 ಬೇಕಾಗಿತ್ತು. "ಬಾವಾ, ಈ ಸಲ ಪ್ರತಿ ಪದಾನೂ ಜಗಿದು ಓದಿ" ಅಂದ. ಓದಿದೆ. ಮೊದಲು ಮಾತಾಡಿದ ಕಾರ್ಖಾನೆಯ ಬೆಲೆ ಚೆನ್ನಾಗಿತ್ತು. ಆದರೆ ಲಿಥಿಯಂ ಬ್ಯಾಟರಿಗೆ ಭಾರತದಲ್ಲಿ ಬಿ.ಐ.ಎಸ್. ನೋಂದಣಿ ಕಡ್ಡಾಯ, ಐ.ಎಸ್. 16046 ಪ್ರಕಾರ. ಅವರ ಬ್ಯಾಟರಿಗೆ ಅದು ಇರಲಿಲ್ಲ. ತರಿಸಿದ್ದರೆ ಬಂದರಿನಲ್ಲೇ ಕೊಳೆಯುತ್ತಿತ್ತು. ನೋಂದಣಿ ಇದ್ದ ಇನ್ನೊಬ್ಬರನ್ನು ಹಿಡಿದೆವು. ಬೆಲೆ ಜಗ್ಗಲಿಲ್ಲ. ಬದಲಿಗೆ, ಅದೇ ಬೆಲೆಗೆ ಬ್ಲೇಡು, ಸ್ವಿಚ್ಚುಗಳ ಬಿಡಿಭಾಗ ಮೊದಲ ಪೆಟ್ಟಿಗೆಯಲ್ಲೇ ಕೊಡಿ ಎಂದು ಕೇಳಿದೆವು. ಒಪ್ಪಿದರು.

ತಪಾಸಣೆಗೆ ಒಂದು ದಿನಕ್ಕೆ ಮುನ್ನೂರು ಡಾಲರಿಗೆ ಸ್ವಲ್ಪ ಕಡಿಮೆ ಬಿತ್ತು. 13 ತೆಗೆದು ನೋಡಿದರು, ಮೂರರಲ್ಲಿ ಸ್ವಿಚ್ಚು ಸಡಿಲ. ಬಾಕಿ ಹಣ ನಮ್ಮಲ್ಲೇ ಇತ್ತು. ಕಾರ್ಖಾನೆಯವರು ಎಂಬತ್ತನ್ನೂ ಬಿಚ್ಚಿ ಸ್ವಿಚ್ಚು ಬದಲಿಸಿದರು, ಮೂರು ವಾರ ತಡವಾಯಿತು. ಎರಡನೇ ತಪಾಸಣೆ ಪಾಸಾದ ಮೇಲೆ ಹಣ ಕಳಿಸಿದೆವು. ಕತ್ತರಿಗಳು ಇಂದಿಗೂ ಓಡುತ್ತಿವೆ. ಅದೇ ಕಾರ್ಖಾನೆಯಿಂದ ಆಮೇಲೆ ಎರಡು ಸಲ ತರಿಸಿದ್ದೇವೆ. ಈಗ ಅವರು ನಮಗೆ ನಂಬಿಕಸ್ಥರು, ನಾವೂ ಅವರಿಗೆ ನಂಬಿಕಸ್ಥರು. ಆದರೂ ಮೂರನೇ ಸಲವೂ 13 ಬಿಚ್ಚಿಸಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಗೂಡು ಕತ್ತರಿಸಿ ನೋಡಿದ ರೀಲರ್ ಮೇಲೆ, ಸರಕು ಚೆನ್ನಾಗಿದ್ದವನಿಗೆ ಯಾವತ್ತೂ ಬೇಜಾರಿಲ್ಲ.

2018ರ ಲೆಕ್ಕವೇನೂ ಇದರಿಂದ ಚುಕ್ತಾ ಆಗಿಲ್ಲ. ಮುರಿದ ಗೇರಿನ ಆ ವೀಡರುಗಳಲ್ಲಿ ಕೆಲವು ಇನ್ನೂ ಅಂಗಡಿಯ ಹಿಂದೆ ತುಕ್ಕು ಹಿಡಿದು ಬಿದ್ದಿವೆ. ಗುಜರಿಯವನು ಎರಡು ಸಲ ಬಂದು ಕೇಳಿದ. ಭಾವಮೈದ ಕೊಡುವುದಿಲ್ಲ. "ಇರಲಿ ಬಾವಾ, ನೇರ ಚೀನಾದಿಂದ ತರಿಸ್ತೀನಿ ಅನ್ನೋರು ಬಂದಾಗ ತೋರಿಸಕ್ಕೆ ಬೇಕು" ಅನ್ನುತ್ತಾನೆ. ತರಿಸುವ ಆಲೋಚನೆ ಇರುವವರು ಒಮ್ಮೆ ಬಂದು ನೋಡಿಕೊಂಡು ಹೋಗಬಹುದು.